ದೇಹದ ರಸಾಯನ ಅರಿತ ವೈದ್ಯ ಆರ್ಚಿಬಾಲ್ಡ್ ಗ್ಯಾರೊಡ್

ಒಂದೇ ಮನೆಯ ಇಬ್ಬರು ಒಂದೇ ಪಥ್ಯ ಹಿಡಿದರೂ ಒಬ್ಬರ ತೂಕ ಇಳಿಯುತ್ತದೆ, ಇನ್ನೊಬ್ಬರದು ಅಲುಗುವುದೇ ಇಲ್ಲ. ಉಂಡ ಆಹಾರವನ್ನು ಪ್ರತಿಯೊಂದು ದೇಹವೂ ತನ್ನದೇ ರೀತಿಯಲ್ಲಿ ಬಳಸಿಕೊಳ್ಳುತ್ತದೆ, ಆ ರೀತಿ ಹುಟ್ಟಿನಿಂದಲೇ ಬಂದಿರಬಹುದು ಎಂಬ ವಿಚಾರಕ್ಕೆ ವೈಜ್ಞಾನಿಕ ತಳಹದಿ ಹಾಕಿದವರು ಇಂಗ್ಲೆಂಡಿನ ವೈದ್ಯ ಸರ್ ಆರ್ಚಿಬಾಲ್ಡ್ ಗ್ಯಾರೊಡ್.

1857ರ ನವೆಂಬರ್ 25ರಂದು ಲಂಡನ್ನಿನಲ್ಲಿ ಜನಿಸಿದ ಗ್ಯಾರೊಡ್ ಅವರಿಗೆ ವೈದ್ಯಕೀಯ ರಸಾಯನ ಮನೆಯಲ್ಲೇ ದೊರೆತ ವಿದ್ಯೆ. ಗೌಟ್ ಎಂಬ ಸಂಧಿವಾತದ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿಕೊಟ್ಟ ಆಲ್‌ಫ್ರೆಡ್ ಬೇರಿಂಗ್ ಗ್ಯಾರೊಡ್ ಅವರ ತಂದೆ. ಮಗ ಆಕ್ಸ್‌ಫರ್ಡಿನಲ್ಲಿ ವಿಜ್ಞಾನ ಓದಿ, ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. ಮುಂದೆ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದರು.

ಮೂತ್ರದ ಬಣ್ಣಗಳ ಅಧ್ಯಯನ ಅವರ ಮೆಚ್ಚಿನ ವಿಷಯವಾಗಿತ್ತು. ಅದೇ ಅವರನ್ನು ಆಲ್ಕಾಪ್ಟೊನ್ಯೂರಿಯಾ ಎಂಬ ಅಪರೂಪದ ಸ್ಥಿತಿಯತ್ತ ಒಯ್ದಿತು. ಈ ಸ್ಥಿತಿಯುಳ್ಳವರ ಮೂತ್ರ ಗಾಳಿಗೆ ಒಡ್ಡಿದಾಗ ಕಪ್ಪಾಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣವೆಂಬ ನಂಬಿಕೆ ಆಗ ಬಲವಾಗಿತ್ತು. ಗ್ಯಾರೊಡ್ ಅದನ್ನು ಒಪ್ಪಲಿಲ್ಲ. ಅವರ ಬಳಿ ಬಂದಿದ್ದ ಇಂಥ ಬಾಲಕನೊಬ್ಬನ ತಾಯಿ 1901ರಲ್ಲಿ ಮತ್ತೊಂದು ಮಗುವನ್ನು ಹೆತ್ತರು. ಕೆಲವೇ ದಿನಗಳಲ್ಲಿ ಆ ಶಿಶುವಿನ ಬಟ್ಟೆಯಲ್ಲೂ ಕಪ್ಪು ಕಲೆ ಕಾಣಿಸಿತು. ಇದು ಅಂಟಿದ ರೋಗವಲ್ಲ, ಹುಟ್ಟಿನೊಂದಿಗೆ ಬಂದದ್ದು ಎಂಬುದು ಅವರಿಗೆ ಮನದಟ್ಟಾಯಿತು.

ಇಂಥ ಮಕ್ಕಳ ಪೈಕಿ ಹಲವರ ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳಾಗಿದ್ದರು, ಆದರೆ ಸ್ವತಃ ಆರೋಗ್ಯವಾಗಿದ್ದರು. ಮೆಂಡೆಲ್‌ನ ಬಟಾಣಿ ಪ್ರಯೋಗಗಳು 1900ರಲ್ಲಷ್ಟೇ ಮತ್ತೆ ಬೆಳಕಿಗೆ ಬಂದಿದ್ದವು. ತಂದೆ ತಾಯಿಯರಲ್ಲಿ ಅಡಗಿದ್ದ ಲಕ್ಷಣ ಇಬ್ಬರಿಂದಲೂ ಮಗುವಿಗೆ ಬಂದಾಗ ಮಾತ್ರ ಪ್ರಕಟವಾಗುತ್ತದೆ ಎಂಬ ಆ ನಿಯಮ ಇಲ್ಲಿಗೆ ಸರಿಹೊಂದುತ್ತದೆಂದು ಜೀವವಿಜ್ಞಾನಿ ವಿಲಿಯಂ ಬೇಟ್ಸನ್ ಸೂಚಿಸಿದರು. 1902ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಗ್ಯಾರೊಡ್ ಇನ್ನೂ ಮುಂದೆ ಹೋದರು. ಮುಖಚಹರೆಯಂತೆ ದೇಹದ ರಸಾಯನವೂ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವೆಂದು ವಾದಿಸಿ, ಸ್ಥೂಲಕಾಯವನ್ನೂ ಆ ಭಿನ್ನತೆಯ ಸೂಚನೆಗಳ ಸಾಲಿಗೆ ಸೇರಿಸಿದರು.

1908ರ ಉಪನ್ಯಾಸಗಳಲ್ಲಿ ಚಯಾಪಚಯದ ಜನ್ಮಜಾತ ದೋಷಗಳೆಂಬ ಪರಿಕಲ್ಪನೆಯನ್ನು ವಿವರಿಸಿದರು. ಆಹಾರ ಒಡೆಯುವ ಹಾದಿಯ ಒಂದು ಮೆಟ್ಟಿಲಿನ ಕಿಣ್ವ ಇಲ್ಲದಿದ್ದರೆ ಅಲ್ಲಿಯ ಪದಾರ್ಥ ಮುಂದೆ ಸಾಗದೆ ಉಳಿಯುತ್ತದೆ ಎಂಬುದು ಅದರ ತಿರುಳು. ಆದರೆ ವೈದ್ಯರಿಗೆ ಇದು ಅಪರೂಪದ ಕಾಯಿಲೆಗಳ ಸಂಗತಿಯಾಗಿಯೂ, ತಳಿವಿಜ್ಞಾನಿಗಳಿಗೆ ವೈದ್ಯರ ಸಂಗತಿಯಾಗಿಯೂ ಕಂಡು, ಬಹುಕಾಲ ಮೂಲೆಗುಂಪಾಯಿತು.

ಬದುಕು ಅವರಿಗೆ ಕಹಿಯನ್ನೂ ಉಣಿಸಿತು. ಮೊದಲ ಮಹಾಯುದ್ಧ 1915 ಮತ್ತು 1916ರಲ್ಲಿ ಇಬ್ಬರು ಪುತ್ರರನ್ನು ಕಸಿದುಕೊಂಡಿತು. ಮೂರನೆಯವನನ್ನು 1919ರಲ್ಲಿ ಇನ್‌ಫ್ಲುಯೆಂಜಾ ಒಯ್ದಿತು. ಉಳಿದ ಏಕೈಕ ಸಂತಾನವಾದ ಡೊರೊತಿ ಹೆಸರಾಂತ ಪುರಾತತ್ವಜ್ಞೆಯಾಗಿ, 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು. ದುಃಖದ ನಡುವೆಯೂ ಗ್ಯಾರೊಡ್ 1920ರಿಂದ 1927ರವರೆಗೆ ಆಕ್ಸ್‌ಫರ್ಡಿನಲ್ಲಿ ವೈದ್ಯಶಾಸ್ತ್ರದ ರೀಜಿಯಸ್ ಪ್ರೊಫೆಸರ್ ಆಗಿದ್ದರು. 1936ರ ಮಾರ್ಚ್ 28ರಂದು ಕೇಂಬ್ರಿಜ್‌ನಲ್ಲಿ ನಿಧನರಾದರು.

ಮನ್ನಣೆ ಬಂದದ್ದು ಅನಂತರ. ವಂಶವಾಹಿಗಳು ಕಿಣ್ವಗಳನ್ನು ನಿಯಂತ್ರಿಸುತ್ತವೆ ಎಂದು 1941ರಲ್ಲಿ ತೋರಿಸಿದ ಬೀಡಲ್ ಮತ್ತು ಟೇಟಮ್ 1958ರಲ್ಲಿ ನೊಬೆಲ್ ಪಡೆದಾಗ, ದಾರಿ ತೋರಿದವರು ಗ್ಯಾರೊಡ್ ಎಂದು ಬೀಡಲ್ ಸ್ಮರಿಸಿದರು. ಆಲ್ಕಾಪ್ಟೊನ್ಯೂರಿಯಾ ಉಳ್ಳವರ ಯಕೃತ್ತಿನಲ್ಲಿ ಆ ಕಿಣ್ವ ಕೆಲಸ ಮಾಡದಿರುವುದೂ ಅದೇ ವರ್ಷ ಸಾಬೀತಾಯಿತು. ಇಂಥದ್ದೇ ದೋಷವಾದ ಫಿನೈಲ್‌ಕೀಟೊನ್ಯೂರಿಯಾ ಇರುವ ಮಗುವಿಗೆ ವಿಶೇಷ ಪಥ್ಯದಿಂದ ಸುಧಾರಣೆಯಾಗುತ್ತದೆ ಎಂಬುದು 1953ರ ವೇಳೆಗೇ ತಿಳಿದಿತ್ತು.

ತೂಕದ ವಿಷಯ ಮಾತ್ರ ಅಷ್ಟು ಸರಳವಲ್ಲ. 2007ರಲ್ಲಿ ಗುರುತಿಸಲಾದ ಎಫ್‌ಟಿಒ ವಂಶವಾಹಿಯ ಒಂದು ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಆದರೂ ಪಥ್ಯ ಮಾಡಿದರೆ ಅವರೂ ಇತರರಷ್ಟೇ ಇಳಿಯಬಲ್ಲರು. ಸ್ಟ್ಯಾನ್‌ಫರ್ಡ್‌ನಲ್ಲಿ 609 ಮಂದಿಯ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಮತ್ತು ಸಕ್ಕರೆ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಎರಡೂ ಗುಂಪುಗಳಲ್ಲಿ ಕೆಲವರು ಬಹಳ ಇಳಿದರೆ, ಕೆಲವರ ತೂಕ ಏರಿತು. ಯಾರಿಗೆ ಯಾವ ಪಥ್ಯ ಒಗ್ಗೀತೆಂದು ಅಲ್ಲಿ ಪರೀಕ್ಷಿಸಿದ ವಂಶವಾಹಿಗಳು ಹೇಳಲಿಲ್ಲ.

ಒಂದು ಕಿಣ್ವದ ಕೊರತೆಯ ಪರಿಣಾಮ ನೇರವಾಗಿ ಕಾಣುತ್ತದೆ. ತೂಕದ ಹಿಂದೆ ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವವಿದೆ, ಜೊತೆಗೆ ಊಟ, ನಿದ್ರೆ, ದುಡಿಮೆಗಳಿವೆ. ದೇಹದೇಹಕ್ಕೂ ವ್ಯತ್ಯಾಸವಿದೆಯೆಂಬ ಗ್ಯಾರೊಡ್ ಅವರ ಮಾತು ನಿಜವಾಗಿದೆ. ಅದನ್ನು ಓದಿ ತೂಕ ಇಳಿಸುವ ಪಥ್ಯ ಬರೆದುಕೊಡುವಷ್ಟು ವಿಜ್ಞಾನ ಇನ್ನೂ ಬೆಳೆದಿಲ್ಲ.