ಬೆಳ್ಳಿತೆರೆಯ ಇಂದ್ರಜಾಲಿಗ

ಪ್ಯಾರಿಸ್ ನಗರದ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ 1925ರ ಸುಮಾರಿಗೆ ಆಟಿಕೆ ಮತ್ತು ಮಿಠಾಯಿಗಳ ಪುಟ್ಟ ಅಂಗಡಿಯೊಂದಿತ್ತು. ವೃದ್ಧನೊಬ್ಬನು ತನ್ನ ಪತ್ನಿಯೊಡನೆ ದಿನವಿಡೀ ಅಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದನು. ಗಾಡಿ ಹಿಡಿಯುವ ಅವಸರದಲ್ಲಿ ಮಕ್ಕಳಿಗೆ ಬೊಂಬೆ ಕೊಳ್ಳುತ್ತಿದ್ದ ಪ್ರಯಾಣಿಕರಿಗೆ, ತಮ್ಮನ್ನು ಒಂದು ಕಾಲದಲ್ಲಿ ಚಂದ್ರಲೋಕಕ್ಕೆ ಕರೆದೊಯ್ದವನು ಇವನೇ ಎಂಬುದು ತಿಳಿದಿರಲಿಲ್ಲ. ಆತನೇ ಜಾರ್ಜ್ ಮೆಲಿಯೆಸ್.

ಮೆಲಿಯೆಸನು 1861ರ ಡಿಸೆಂಬರ್ 8ರಂದು ಪ್ಯಾರಿಸಿನಲ್ಲಿ ಜನಿಸಿದನು. ತಂದೆಗೆ ಬೂಟುಗಳ ಕಾರ್ಖಾನೆಯಿತ್ತು. ಮಗನೂ ಅದೇ ಉದ್ಯಮವನ್ನು ಮುಂದುವರಿಸಲೆಂಬುದು ತಂದೆಯ ಅಪೇಕ್ಷೆ. ಮಗನ ಮನಸ್ಸಾದರೋ ಚಿತ್ರಕಲೆಯಲ್ಲಿಯೂ ಇಂದ್ರಜಾಲದಲ್ಲಿಯೂ ನೆಟ್ಟಿತ್ತು. 1888ರಲ್ಲಿ ಆತನು ಕಾರ್ಖಾನೆಯ ತನ್ನ ಪಾಲನ್ನು ಸೋದರರಿಗೆ ಮಾರಿ, ಇಂದ್ರಜಾಲ ಪ್ರದರ್ಶನಗಳಿಗೆ ಹೆಸರಾಗಿದ್ದ ರಂಗಮಂದಿರವೊಂದನ್ನು ಕೊಂಡುಕೊಂಡನು.

1895ರ ಡಿಸೆಂಬರಿನಲ್ಲಿ ಲೂಮಿಯೇರ್ ಸೋದರರು ಪ್ಯಾರಿಸಿನಲ್ಲಿ ಚಲಿಸುವ ಚಿತ್ರಗಳನ್ನು ಪ್ರದರ್ಶಿಸಿದರು. ಅದನ್ನು ಕಂಡು ಬೆರಗಾದ ಮೆಲಿಯೆಸನು ಆ ಯಂತ್ರವನ್ನು ತನಗೆ ಮಾರಬೇಕೆಂದು ಕೇಳಿದನು. ಅವರು ಒಪ್ಪಲಿಲ್ಲ. ಆತನು ಎದೆಗುಂದದೆ ಲಂಡನ್ನಿನಿಂದ ಬೇರೊಂದು ಯಂತ್ರವನ್ನು ತರಿಸಿ, ಅದನ್ನೇ ಬದಲಾಯಿಸಿ, ಚಿತ್ರ ತೆಗೆಯುವ ಯಂತ್ರವನ್ನಾಗಿ ಮಾಡಿಕೊಂಡನು. ಒಮ್ಮೆ ಬೀದಿಯಲ್ಲಿ ಚಿತ್ರ ತೆಗೆಯುತ್ತಿದ್ದಾಗ ಯಂತ್ರವು ಕ್ಷಣಕಾಲ ಕೆಟ್ಟು ನಿಂತಿತಂತೆ. ಆಮೇಲೆ ತೆರೆಯ ಮೇಲೆ ನೋಡಿದರೆ, ಜನರನ್ನು ಹೊತ್ತು ಸಾಗುತ್ತಿದ್ದ ಕುದುರೆಗಾಡಿಯು ಇದ್ದಕ್ಕಿದ್ದಂತೆ ಶವವಾಹನವಾಗಿ ಮಾರ್ಪಟ್ಟಿತ್ತು! ಈ ಪ್ರಸಂಗವನ್ನು ಆತನೇ ಹೇಳಿಕೊಂಡದ್ದು. ಅದು ನಡೆದದ್ದೋ, ಕಟ್ಟಿದ ಕಥೆಯೋ, ಆ ತಂತ್ರವನ್ನು ಆತನಷ್ಟು ಜಾಣ್ಮೆಯಿಂದ ಬಳಸಿದವರು ಆ ಕಾಲದಲ್ಲಿ ವಿರಳ.

1897ರಲ್ಲಿ ಆತನು ಪ್ಯಾರಿಸಿನ ಸಮೀಪದ ಮೊಂತ್ರಯ್‌ನಲ್ಲಿ ಸೂರ್ಯನ ಬೆಳಕು ಧಾರಾಳವಾಗಿ ಒಳಬರುವಂತೆ ಗಾಜಿನ ಗೋಡೆ, ಗಾಜಿನ ಮಾಡುಗಳ ಚಿತ್ರಶಾಲೆಯನ್ನು ಕಟ್ಟಿಸಿದನು. 1902ರಲ್ಲಿ ಆತನ ಕೀರ್ತಿಯನ್ನು ಜಗತ್ತಿಗೆ ಹರಡಿದ ‘ಚಂದ್ರಲೋಕಯಾತ್ರೆ’ ಸಿದ್ಧವಾದದ್ದು ಅಲ್ಲಿಯೇ. ಫಿರಂಗಿಯಿಂದ ಹಾರಿಸಿದ ಗುಂಡಿನೊಳಗೆ ಕುಳಿತು ಚಂದ್ರನತ್ತ ಸಾಗುವ ಕಲ್ಪನೆಯು ಜೂಲ್ಸ್ ವರ್ನ್ 1865ರಲ್ಲಿ ಪ್ರಕಟಿಸಿದ ಕಾದಂಬರಿಯದು. ಆದರೆ ವರ್ನನ ಯಾತ್ರಿಕರು ಚಂದ್ರನ ಮೇಲೆ ಇಳಿಯುವುದೇ ಇಲ್ಲ. ಮೆಲಿಯೆಸನ ಪಂಡಿತರು ಇಳಿಯುತ್ತಾರೆ. ಅಣಬೆಗಳ ಕಾಡಿನಲ್ಲಿ ಅಲೆಯುತ್ತಾರೆ. ಕೊಡೆಯಿಂದ ಹೊಡೆದರೆ ಹೊಗೆಯಾಗಿ ಮಾಯವಾಗುವ ಚಂದ್ರವಾಸಿಗಳೊಡನೆ ಕಾದುತ್ತಾರೆ. ಗುಂಡು ಬಂದು ನಾಟುವುದು ಚಂದಿರನ ಕಣ್ಣಿಗೇ! ಮಾತಿಲ್ಲದ ಈ ಚಿತ್ರವು ಹೆಚ್ಚೆಂದರೆ ಕಾಲು ಗಂಟೆಯದು. ಅದಕ್ಕೆ ವೆಚ್ಚವಾದದ್ದು ಸುಮಾರು 10,000 ಫ್ರಾಂಕುಗಳು. ಅಂದಿಗೆ ಅದು ಸಣ್ಣ ಮೊತ್ತವಲ್ಲ. ಕಥೆ, ದೃಶ್ಯರಚನೆ, ನಿರ್ದೇಶನ, ಮುಖ್ಯ ಪಾತ್ರ ಎಲ್ಲವೂ ಆತನವೇ.

ಜನರು ಮುಗಿಬಿದ್ದು ನೋಡಿದರು. ಲಾಭವು ಮಾತ್ರ ಪರರ ಪಾಲಾಯಿತು. ಎಡಿಸನ್ ಕಂಪನಿಯೂ ಸೇರಿದಂತೆ ಅಮೆರಿಕದ ಕೆಲವು ಚಿತ್ರ ವ್ಯಾಪಾರಿಗಳು ಕಳ್ಳ ಪ್ರತಿಗಳನ್ನು ತೆಗೆದು ಮಾರಿ ಹಣ ಮಾಡಿಕೊಂಡರು. ಕಾಲಕ್ರಮದಲ್ಲಿ ಜನರ ಅಭಿರುಚಿಯೂ ಬದಲಾಯಿತು. 500ಕ್ಕೂ ಹೆಚ್ಚು ಕಿರುಚಿತ್ರಗಳನ್ನು ತಯಾರಿಸಿದ್ದ ಮೆಲಿಯೆಸನು ಸಾಲದಲ್ಲಿ ಮುಳುಗಿ, 1913ರ ಹೊತ್ತಿಗೆ ಚಿತ್ರನಿರ್ಮಾಣವನ್ನೇ ನಿಲ್ಲಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯವು ಆತನ ನೂರಾರು ಚಿತ್ರಸುರುಳಿಗಳನ್ನು ವಶಪಡಿಸಿಕೊಂಡು ಕರಗಿಸಿತು. ಅದರಿಂದ ಸೈನಿಕರ ಬೂಟುಗಳಿಗೆ ಹಿಮ್ಮಡಿಗಳಾದವು. ಬೂಟಿನ ಉದ್ಯಮವನ್ನು ಬಿಟ್ಟು ಬಂದವನ ಕನಸುಗಳಿಗೆ ವಿಧಿಯು ತೋರಿದ ದಾರಿ ಅದು! ಉಳಿದದ್ದನ್ನು ಸುಟ್ಟವನು ಆತನೇ. 1923ರಲ್ಲಿ ಮೊಂತ್ರಯ್‌ನ ಆಸ್ತಿಯು ಕೈಬಿಟ್ಟಾಗ, ಇಡಲು ಜಾಗವಿಲ್ಲದೆ, ನೊಂದ ಮನಸ್ಸಿನಿಂದ ತನ್ನ ಮೂಲಪ್ರತಿಗಳಿಗೆ ಬೆಂಕಿಯಿಟ್ಟನು.

ಕೆಲವು ವರ್ಷಗಳ ಬಳಿಕ ಪತ್ರಿಕಾ ಸಂಪಾದಕನೊಬ್ಬನು ಆಟಿಕೆಯಂಗಡಿಯಲ್ಲಿದ್ದ ಮುದುಕನನ್ನು ಗುರುತಿಸಿದನು. ಅಭಿಮಾನಿಗಳು ಅಲ್ಲಲ್ಲಿ ಹುಡುಕಿ ಕೆಲವು ಪ್ರತಿಗಳನ್ನು ಕಲೆಹಾಕಿ, 1929ರ ಡಿಸೆಂಬರ್ 16ರಂದು ಪ್ಯಾರಿಸಿನಲ್ಲಿ ಆತನ ಸಮ್ಮುಖದಲ್ಲಿಯೇ ಪ್ರದರ್ಶಿಸಿದರು. 1931ರಲ್ಲಿ ಫ್ರಾನ್ಸಿನ ‘ಲೀಜನ್ ಆಫ್ ಆನರ್’ ಪದಕವು ದೊರೆಯಿತು. ಮರುವರ್ಷ ಚಲನಚಿತ್ರರಂಗದವರು ಆತನಿಗೂ ಪತ್ನಿಗೂ ಮೊಮ್ಮಗಳಿಗೂ ಓರ್ಲಿಯ ವಿಶ್ರಾಂತಿಧಾಮದಲ್ಲಿ ನೆಲೆ ಕಲ್ಪಿಸಿದರು. 1938ರ ಜನವರಿ 21ರಂದು ಮೆಲಿಯೆಸನು ತೀರಿಕೊಂಡನು.

‘ಚಂದ್ರಲೋಕಯಾತ್ರೆ’ಯ ಕೆಲವು ಪ್ರತಿಗಳಿಗೆ ಅಂದು ಹೆಂಗಸರು ಕುಂಚ ಹಿಡಿದು ಚಿತ್ರಚಿತ್ರಕ್ಕೂ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಅವೆಲ್ಲ ನಾಶವಾದವೆಂದೇ ಜನರು ನಂಬಿದ್ದರು. 1993ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಅಂಥದೊಂದು ಸುರುಳಿಯು ಅಂಟಿಕೊಂಡು ಗಟ್ಟಿಯಾದ ಉಂಡೆಯ ರೂಪದಲ್ಲಿ ದೊರೆಯಿತು. ಅದನ್ನು ಬಹು ಎಚ್ಚರಿಕೆಯಿಂದ ಬಿಡಿಸಿ, ವರ್ಷಗಟ್ಟಲೆ ಶ್ರಮಿಸಿ, ಒಂದೊಂದು ಚಿತ್ರವನ್ನೂ ಸರಿಪಡಿಸಿದರು. 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೆಲಿಯೆಸನ ಚಂದ್ರನು ಮತ್ತೆ ಬಣ್ಣಬಣ್ಣವಾಗಿ ತೆರೆಯ ಮೇಲೆ ಮೂಡಿದನು.