ಜಿಂಡೆಲ್‌ಫಿಂಗೆನ್‌ನ ಬೇಲಾ ಬರೇನಿ

ನಮ್ಮ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕಾರಿನ ಉದ್ಯಮದಲ್ಲಿರುವವರೇ ಹೆಚ್ಚು. ಬೆಂಗಳೂರಿನ ಕಚೇರಿಯಿಂದ ಜಿಂಡೆಲ್‌ಫಿಂಗೆನ್‌ಗೆ ಬಂದವರು, ಬಿಡಿಭಾಗದ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವವರು. ಆದರೂ ಬೇಲಾ ಬರೇನಿಯವರ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಈ ವರ್ಷ ದೊಡ್ಡ ತರಗತಿಯ ಮಕ್ಕಳಿಗೆ ಜೀವನಚರಿತ್ರೆ ಬರೆಯುವುದನ್ನು ಕಲಿಸುವಾಗ ನಾನು ಅವರನ್ನೇ ಆರಿಸಿಕೊಂಡೆ. ನಾವು ದಿನವೂ ಓಡಾಡುವ ಊರುಗಳಲ್ಲೇ ದುಡಿದು, ಬಾಳಿ ಹೋದ ಮನುಷ್ಯ ಅವರು.

ಹುಟ್ಟಿದ್ದು 1907ರ ಮಾರ್ಚ್ 1ರಂದು, ವಿಯೆನ್ನಾ ಹತ್ತಿರದ ಹಿರ್ಟೆನ್‌ಬರ್ಗ್‌ನಲ್ಲಿ. ತಾಯಿಯ ಕಡೆಯವರು ದೊಡ್ಡ ಉದ್ಯಮಿಗಳು; ಕಾರು ಅಪರೂಪವಾಗಿದ್ದ ಕಾಲದಲ್ಲೇ ಮನೆಯಲ್ಲಿ ಆಸ್ಟ್ರೋ-ಡೈಮ್ಲರ್ ಕಾರಿತ್ತು. ಸೇನಾಧಿಕಾರಿಯಾಗಿದ್ದ ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಆಮೇಲೆ ಸಿರಿಯೂ ಕರಗಿತು. ಶುಲ್ಕ ಕಟ್ಟಲಾಗದೆ ಹುಡುಗನ ಓದು ನಡುವೆ ನಿಂತದ್ದೂ ಉಂಟು. ಕೊನೆಗೆ ವಿಯೆನ್ನಾದ ತಾಂತ್ರಿಕ ಶಾಲೆಯೊಂದನ್ನು ಸೇರಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತರು.

ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1925ರ ಸುಮಾರಿಗೆ, ಎಂಜಿನ್ ಹಿಂದಿರುವ, ಜನಸಾಮಾನ್ಯರು ಕೊಳ್ಳಬಹುದಾದ ಕಾರಿನ ನಕ್ಷೆಯೊಂದನ್ನು ಬರೆದಿದ್ದರು. ಮುಂದೆ ಜಗತ್ತೆಲ್ಲ ಓಡಿದ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಆ ನಕ್ಷೆಗೂ ಹತ್ತಿರದ ಹೋಲಿಕೆ. 1950ರ ದಶಕದಲ್ಲಿ ಬರೇನಿ ಕೋರ್ಟಿನ ಮೆಟ್ಟಿಲು ಹತ್ತಿ, ಆ ಕಲ್ಪನೆಯಲ್ಲಿ ತಮ್ಮ ಪಾಲಿದೆ ಎಂಬುದನ್ನು ಸ್ಥಾಪಿಸಿಕೊಂಡರು. ನನ್ನ ಮಟ್ಟಿಗೆ ಅದು ದುಡ್ಡಿಗಿಂತ ಹೆಸರಿಗಾಗಿ ನಡೆದ ಹೋರಾಟ.

ಡೈಮ್ಲರ್-ಬೆಂಝ್ ಸೇರಿದ್ದು 1939ರಲ್ಲಿ, ಅದೂ ಮೊದಲು ಬೇಡವೆನಿಸಿಕೊಂಡ ಮೇಲೆ. ಹಟ ಹಿಡಿದು ಆಡಳಿತ ಮಂಡಳಿಯ ವಿಲ್‌ಹೆಲ್ಮ್ ಹಾಸ್ಪೆಲ್ ಅವರನ್ನು ಕಂಡರು. ನಮ್ಮ ಕಾರುಗಳಲ್ಲಿ ಏನು ತಿದ್ದಬೇಕು ಎಂದು ಹಾಸ್ಪೆಲ್ ಕೇಳಿದರಂತೆ. ಈತ ಆಕ್ಸಲ್, ಸ್ಟೀರಿಂಗ್ ಎಂದು ಒಂದೊಂದನ್ನೇ ಎಣಿಸುತ್ತ, ತಿದ್ದದೆ ಬಿಡಬಹುದಾದದ್ದು ಹೆಚ್ಚೇನೂ ಇಲ್ಲವೆಂಬಂತೆ ಉತ್ತರ ಕೊಟ್ಟರು. ಕೆಲಸ ಕೇಳಲು ಹೋದವರು ಹೀಗೆ ಮಾತಾಡುವುದುಂಟೇ! ಹಾಸ್ಪೆಲ್ ಸಿಟ್ಟಾಗಲಿಲ್ಲ. ಈತನ ಯೋಚನೆ ಹದಿನೈದು ಇಪ್ಪತ್ತು ವರ್ಷ ಮುಂದಿದೆ ಎಂದು ಕಂಡುಕೊಂಡು, ಜಿಂಡೆಲ್‌ಫಿಂಗೆನ್‌ನಲ್ಲಿ ದಿನನಿತ್ಯದ ತಾಪತ್ರಯಗಳಿಲ್ಲದೆ ಯೋಚಿಸಲು ಜಾಗ ಮಾಡಿಕೊಟ್ಟರು. ಈ ಕಥೆಯಲ್ಲಿ ಹಾಸ್ಪೆಲ್ ಅವರೂ ನನಗೆ ಮುಖ್ಯರಾಗಿ ಕಾಣುತ್ತಾರೆ.

ಕಾರು ಗಟ್ಟಿಯಾಗಿದ್ದಷ್ಟೂ ಒಳಗಿನವರು ಕ್ಷೇಮ ಎಂಬುದು ಅಂದಿನ ನಂಬಿಕೆ. ಗುದ್ದಿದಾಗ ಗಟ್ಟಿ ಕಾರು ಥಟ್ಟನೆ ನಿಲ್ಲುತ್ತದೆ. ಒಳಗಿನ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಕಾರಿಗೆ ಏನೂ ಆಗದೆ ಮನುಷ್ಯ ಸಾಯಬಹುದು. ಮಕ್ಕಳಿಗೆ ಇದನ್ನು ನಾನು ಕ್ರಿಕೆಟ್ ಹಿಡಿದು ಹೇಳಿದೆ. ಜೋರಾಗಿ ಬರುವ ಚೆಂಡಿಗೆ ಅಂಗೈ ಬಿಗಿದು ನಿಂತರೆ ಬೆರಳು ಮುರಿಯುತ್ತದೆ; ಕೈಯನ್ನು ತುಸು ಹಿಂದಕ್ಕೆ ಎಳೆದುಕೊಂಡರೆ ಚೆಂಡು ತಣ್ಣಗೆ ಬಂದು ಕೂರುತ್ತದೆ. ಬರೇನಿ ಕಾರನ್ನು ಮೂರು ಭಾಗ ಮಾಡಿದರು. ನಡುವೆ ಜನ ಕೂರುವ ಗೂಡು, ಅದು ಗಟ್ಟಿ. ಮುಂದಿನ ಮತ್ತು ಹಿಂದಿನ ಭಾಗಗಳು ಬೇಕೆಂದೇ ಮೆದು. ಅವು ಮುದುಡುತ್ತ ಮುದುಡುತ್ತ ಪೆಟ್ಟನ್ನು ತಾವೇ ನುಂಗಬೇಕು. ಇದನ್ನೇ ನಾವು ಕ್ರಂಪಲ್ ಜೋನ್ ಎನ್ನುವುದು. 1951ರ ಜನವರಿಯಲ್ಲಿ ಅರ್ಜಿ ಹಾಕಿ, 1952ರಲ್ಲಿ ಪೇಟೆಂಟ್ ಪಡೆದರು. ಸಂಖ್ಯೆ 854157.

ಅಪಘಾತದ ಮಾತೆತ್ತಿದರೆ ಗಿರಾಕಿ ಹೆದರಿ ಹೋಗುತ್ತಾನೆ ಎಂಬ ಅಂಜಿಕೆ ಕಾರು ತಯಾರಕರಲ್ಲಿ ಅಂದು ಸಾಮಾನ್ಯವಾಗಿತ್ತು. ಪೂರ್ತಿಯಾಗಿ ಈ ತತ್ವದ ಮೇಲೆ ಕಟ್ಟಿದ ಮರ್ಸಿಡಿಸ್ ಬೀದಿಗಿಳಿದದ್ದು 1959ರಲ್ಲಿ. ಹಿಂಬದಿಯಲ್ಲಿ ಮೀನಿನ ಈಜುರೆಕ್ಕೆಯಂಥ ಅಂಚುಗಳಿದ್ದ, ಡಬ್ಲ್ಯು 111 ಎಂಬ ಮಾದರಿ ಅದು. ಅದೇ ವರ್ಷ ಸೆಪ್ಟೆಂಬರ್ 10ರಂದು ಜಿಂಡೆಲ್‌ಫಿಂಗೆನ್‌ನಲ್ಲಿ ಕಂಪನಿ ತನ್ನ ಮೊದಲ ಡಿಕ್ಕಿ ಪರೀಕ್ಷೆ ನಡೆಸಿ, ಕಾರೊಂದನ್ನು ಗಟ್ಟಿಯಾದ ಅಡ್ಡಕ್ಕೆ ಗುದ್ದಿಸಿತು.

ಸ್ಟೀರಿಂಗ್ ಕಂಬದ ಕಥೆ ಇನ್ನೂ ನಿಧಾನದ್ದು. ಮುಂದಿನಿಂದ ಪೆಟ್ಟು ಬಿದ್ದರೆ ಆ ಕಬ್ಬಿಣದ ಕಂಬ ಈಟಿಯಂತೆ ಚಾಲಕನ ಎದೆಗೆ ನುಗ್ಗುತ್ತಿತ್ತು. ಅದೂ ಮುದುಡುವಂತೆ ಬರೇನಿ ವಿನ್ಯಾಸ ಮಾಡಿದರು; ಪೇಟೆಂಟ್ 1963ರಲ್ಲಿ ಸಿಕ್ಕಿತು. ಆ ವಿನ್ಯಾಸ ಪೂರ್ತಿಯಾಗಿ ಅಳವಟ್ಟ ಡಬ್ಲ್ಯು 123 ಕಾರು ಬಂದದ್ದು 1976ರಲ್ಲಿ. ಹಾಸ್ಪೆಲ್ ಅವರ ಲೆಕ್ಕ ಹೆಚ್ಚು ತಪ್ಪಿರಲಿಲ್ಲ. ಅಷ್ಟರಲ್ಲಿ ಬರೇನಿ ನಿವೃತ್ತರಾಗಿದ್ದರು.

ಅವರ ಹೆಸರಿನಲ್ಲಿ 2,500ಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಎಡಿಸನ್ ಅವರಿಗೆ ಅಮೆರಿಕದಲ್ಲಿ ಇದ್ದದ್ದು 1,093 ಎಂದಾಗ ತರಗತಿಯಲ್ಲಿ ಗದ್ದಲವೋ ಗದ್ದಲ. 1994ರಲ್ಲಿ ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. 1997ರ ಮೇ 30ರಂದು, ಕಾರ್ಖಾನೆಯ ಪಕ್ಕದೂರು ಬೋಬ್ಲಿಂಗೆನ್‌ನಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.