ಡೆಪ್ಯುಟಿ ಚನ್ನಬಸಪ್ಪನವರು

ಮನುಷ್ಯನು ತನ್ನನ್ನು ತಾನು ಎಂಥವನೆಂದು ಬಗೆಯುವನೋ ಅದರಲ್ಲಿ ಅವನ ಕುಲ, ನುಡಿ, ನಾಡುಗಳ ಪಾಲು ಬಹಳವಾಗಿರುವದು. ಅಧಿಕಾರದ ಭಾಷೆಯಲ್ಲಿ ಹುಟ್ಟಿದವನಿಗೆ ಶ್ರಮವಿಲ್ಲದೆ ಬರುವ ಮಾನವು ಉಳಿದವರಿಗೆ ಯೋಗ್ಯತೆಯಿದ್ದರೂ ಸುಲಭವಾಗಿ ದೊರೆಯದು. ಹೀಗೆ ಎರಡು ತಲೆಗಳು ಕಳೆದರೆ, ತನ್ನ ನುಡಿಯೇ ಹೀನವೆಂದು ಅವನು ತಾನೇ ನಂಬುವನು. ಇಂಥ ದೈನ್ಯದಿಂದ ಉತ್ತರ ಕರ್ನಾಟಕದ ಕನ್ನಡಿಗರನ್ನು ಎತ್ತಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು.

ಇವರು 1834ರಲ್ಲಿ ಧಾರವಾಡದ ಲಿಂಗಾಯತ ಮನೆತನದಲ್ಲಿ ಜನಿಸಿದರು. 1818ರಲ್ಲಿ ಪೇಶವೆಯರ ಆಳ್ವಿಕೆಯು ಮುಗಿದು ಈ ಪ್ರಾಂತವು ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದರೂ, ಕಚೇರಿಯ ದಫ್ತರಗಳು ಮರಾಠಿಯಲ್ಲಿಯೇ ನಡೆಯುತ್ತಿದ್ದವು. ಸರಕಾರದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಅದೇ ಭಾಷೆ. ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಕನ್ನಡವಾಡುವ ಕೂಸು ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕನಾಗುತ್ತಿತ್ತು. ಒಕ್ಕಲಿಗರ, ಕುಶಲಕರ್ಮಿಗಳ ಮಕ್ಕಳು ಬುದ್ಧಿಯಿಲ್ಲದವರೆನಿಸಿಕೊಂಡು ಹಿಂದುಳಿದರು. ಶರಣರ ವಚನಗಳನ್ನು ಹೊತ್ತ ಭಾಷೆಯು ಸರಕಾರದ ಕಣ್ಣಿಗೆ ಹಳ್ಳಿಗರ ಮಾತಾಗಿ ಕಂಡಿತು.

ಚನ್ನಬಸಪ್ಪನವರು ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದರು. ಮರಾಠಿಯಲ್ಲಿಯೂ ಪ್ರವೀಣರಾದರು. ಮನಸ್ಸು ಮಾಡಿದ್ದರೆ ಮೇಲಿನವರ ಸಾಲಿನಲ್ಲಿ ಸುಖವಾಗಿ ಕುಳಿತು, ತಮ್ಮವರನ್ನು ಮರೆಯಬಹುದಾಗಿತ್ತು. ಆದರೆ ಅವರು ಧಾರವಾಡಕ್ಕೆ ಮರಳಿ ನಾರ್ಮಲ್ ಸ್ಕೂಲಿನ ಹೆಡ್‌ಮಾಸ್ತರರಾಗಿಯೂ, ಬಳಿಕ ವಿದ್ಯಾಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೂ ದುಡಿದರು. ಆ ಹುದ್ದೆಯ ಹೆಸರು ಅವರ ಹೆಸರಿನೊಡನೆ ಬೆಸೆದುಹೋಯಿತು.

ಕೇವಲ ಅಭಿಮಾನದಿಂದ ಶಾಲೆಗಳು ಕನ್ನಡವಾಗಲಾರವೆಂಬುದನ್ನು ಅವರು ಅರಿತಿದ್ದರು. ಕನ್ನಡ ಕಲಿಸಬಲ್ಲ ಮಾಸ್ತರರು ಬೇಕು, ಓದಲು ಪುಸ್ತಕಗಳು ಬೇಕು, ಮೇಲಧಿಕಾರಿಗಳ ಸಮ್ಮತಿ ಬೇಕು. ಮಾಸ್ತರರನ್ನು ನಾರ್ಮಲ್ ಸ್ಕೂಲಿನಲ್ಲಿ ಸಿದ್ಧಗೊಳಿಸಿದರು. ವಿದ್ಯಾಖಾತೆಯ ರಸೆಲ್ ಸಾಹೇಬರ ಬೆಂಬಲವನ್ನು ಪಡೆದು, ಮರಾಠೀ ಶಾಲೆಗಳ ಎಡೆಯಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಶೇಕ್ಸ್‌ಪಿಯರನ ಒಂದು ಹಾಸ್ಯನಾಟಕವನ್ನು ನಗದವರನ್ನು ನಗಿಸುವ ಕಥೆಯೆಂದು ಕನ್ನಡಕ್ಕೆ ತಂದು, ಈ ಭಾಷೆಯು ಯಾವ ಭಾವಕ್ಕೂ ಬಡವಲ್ಲವೆಂದು ತೋರಿಸಿದರು. ಅವರು ಮಾಡಿದ್ದು ಮರಾಠಿಯ ದ್ವೇಷವಲ್ಲ. ಆ ಭಾಷೆಯ ವಿದ್ಯೆಯನ್ನು ಉಂಡವರೇ ಅವರು. ಕೂಸಿಗೆ ತಾಯ್ನುಡಿಯ ಹಕ್ಕು ಸಲ್ಲಬೇಕೆಂಬುದಷ್ಟೇ ಅವರ ಹಟ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಲಿಂಗೈಕ್ಯರಾದರು. ಆದರೆ ತಲೆಯೆತ್ತಿದ ಜನ ಮತ್ತೆ ತಲೆತಗ್ಗಿಸಲಿಲ್ಲ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ಹುಟ್ಟಿದವು. 1956ರಲ್ಲಿ ಕನ್ನಡ ನಾಡು ಒಂದಾಯಿತು.

ಭಕ್ತರು ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ಇಂದು ಈ ನಾಡಿನಲ್ಲಿ ಅಧಿಕಾರದ ಭಾಷೆ ನಮ್ಮದೇ ಆಗಿರುವದು. ತಾಂಡೆಯಿಂದ ಬಂದ ಲಂಬಾಣಿ ಕೂಸು ನಮ್ಮ ಶಾಲೆಯ ಹೊಸ್ತಿಲಲ್ಲಿ ಮಾತು ಬಾರದೆ ನಿಂತರೆ, ಅದನ್ನು ದಡ್ಡನೆನ್ನುವ ನಾಲಗೆಯು ಅಂದು ನಮ್ಮ ಹಿರಿಯರನ್ನು ದಡ್ಡರೆಂದ ನಾಲಗೆಯೇ ಸರಿ. ಇವನಾರವನೆಂದು ಕೇಳದೆ ತನ್ನವನೆಂದು ಅಪ್ಪಿಕೊಳ್ಳುವದು ಶರಣಧರ್ಮ. ಮಠದ ಪಾಠಶಾಲೆ, ಪ್ರಸಾದನಿಲಯಗಳು ಆ ಧರ್ಮವನ್ನು ನಡೆಯಿಸಿದರೆ, ಅದೇ ಚನ್ನಬಸಪ್ಪನವರಿಗೆ ಸಲ್ಲುವ ನಿಜವಾದ ಸ್ಮರಣೆಯಾಗುವದು.